ಬಿಂದಿಗೆಯ ಹಿಂದೆ ನಡೆದವಳು

ನಾನು ಚಿಕ್ಕವಳಿದ್ದಾಗ ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದುದು ಕೋಳಿಯಲ್ಲ, ಕುದುರೆ. ಮಾಲೂರಿನ ಆಚೆ, ನೀಲಗಿರಿ ತೋಪು ದಾಟಿದರೆ ಒಂದು ಕುದುರೆ ಫಾರಂ ಇತ್ತು. ರೇಸಿನಲ್ಲಿ ಓಡುವ ಕುದುರೆಗಳು ಹುಟ್ಟಿ ಬೆಳೆಯುತ್ತಿದ್ದುದು ಅಲ್ಲೇ. ಅವುಗಳನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ, ಲಾಯದ ಹಿಂದೆ ನಮ್ಮ ಮನೆ. ಹಸಿ ಹುಲ್ಲು, ನೆನೆಸಿದ ಹುರುಳಿ, ಕುದುರೆಯ ಬೆವರು ಸೇರಿದ ವಾಸನೆ ನಮ್ಮ ಬಟ್ಟೆಗೂ ಅಂಟಿರುತ್ತಿತ್ತು. ಶಾಲೆಯಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ ನನಗೆ ಕೋಪ ನೆತ್ತಿಗೇರುತ್ತಿತ್ತು.

ಫಾರಂನಲ್ಲಿ ಮರಿಗಳಿಗೆ ಹೆಸರಿಡುತ್ತಿರಲಿಲ್ಲ. ಕೊಂಡವರು ಆಮೇಲೆ ತಮಗಿಷ್ಟವಾದ ಹೆಸರಿಡುತ್ತಿದ್ದರು. ಅಲ್ಲಿಯವರೆಗೆ ತಾಯಿಯ ಹೆಸರಿನಿಂದಲೇ ಕರೆಯುವುದು ವಾಡಿಕೆ. ಹಾಗೆ 'ರಾಣಿ ಮಗಳು' ಎಂಬ ಕಂದು ಬಣ್ಣದ ಮರಿಯೊಂದಿತ್ತು. ಅಕ್ಕನಿಗೆ ಅದೆಂದರೆ ಪ್ರಾಣ.

ದಿನಾ ಬೆಳಿಗ್ಗೆ ಅಕ್ಕ ಖಾಲಿ ಹಿತ್ತಾಳೆ ಬಿಂದಿಗೆಯೊಳಗೆ ಚೊಂಬು ಹಾಕಿಕೊಂಡು ಬಾವಿಗೆ ಹೊರಡುತ್ತಿದ್ದಳು. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಅಪ್ಪ ಮರಿಗೆ ನಡಿಗೆ ಕಲಿಸುತ್ತಿದ್ದ. ಮುಂದೆ ಬಿಂದಿಗೆಯ ಠಣ್ ಠಣ್, ಹಿಂದೆ ಗೊರಸಿನ ಟಕ್ ಟಕ್. ಮರಿ ಆ ಸದ್ದಿಗೇ ನಡೆಯುತ್ತಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಅದು ಒಂದೂವರೆ ವರ್ಷದ್ದಾದಾಗ ಮಾರಾಟದ ದಿನ ಬಂತು. ದೊಡ್ಡವರು ಬರುತ್ತಾರೆಂದು ಅಮ್ಮ ನಸುಕಿನಲ್ಲೇ ಅಕ್ಕನಿಂದ ನೀರು ತುಂಬಿಸಿಟ್ಟಿದ್ದಳು. ಬೆಂಗಳೂರು, ಮದ್ರಾಸಿನಿಂದ ಕಾರುಗಳು ಬಂದವು. ಮೈ ಮಿರಮಿರ ಮಿಂಚುವಂತೆ ಉಜ್ಜಿ, ಅಪ್ಪ ರಾಣಿ ಮಗಳನ್ನು ಎಲ್ಲರೆದುರು ತಂದು ನಿಲ್ಲಿಸಿದ. ಆಮೇಲೆ ಅವಳು ಜಪ್ಪಯ್ಯ ಅಂದರೂ ಕದಲಲಿಲ್ಲ.

"ರಾ ತಲ್ಲಿ, ರಾ" ಎಂದ ಅಪ್ಪ. ಬಾ ತಾಯಿ, ಬಾ ಅಂತ; ಕುದುರೆಗಳ ಜೊತೆ ಅವನದು ಯಾವಾಗಲೂ ತೆಲುಗೇ. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಕಾಲಲ್ಲಿ ಏನೋ ಐಬಿದೆ" ಎಂದರು ಬಂದವರು.

ಫಾರಂ ಯಜಮಾನರ ಮುಖ ಕೆಂಪಾಯಿತು. "ಇವತ್ತು ಹೋಗ್ಲಿಲ್ಲ ಅಂದ್ರೆ ಜಟಕಾದೋನಿಗೆ ಕೊಟ್ಬಿಡ್ತೀನಿ ಕಣೋ!"

ಅಕ್ಕನ ಜೊತೆ ಗೋಡೆಯ ಹಿಂದಿನಿಂದ ಇಣುಕುತ್ತಿದ್ದ ನನಗೆ ಒಳಗೊಳಗೇ ಖುಷಿ. "ಅಕ್ಕಾ, ಜಟಕಾ ಆದ್ರೆ ಇಲ್ಲೇ ಮಾಲೂರಲ್ಲೇ ಇರ್ತಾಳೆ. ದಿನಾ ನೋಡ್ಬೋದು!"

"ಬಾಯ್ಮುಚ್ಚೇ! ಓಡೋಕೆ ಹುಟ್ಟಿರೋಳು ಕಣೇ ಅವಳು. ಕಲ್ಲು ರಸ್ತೇಲಿ ಗಾಡಿ ಎಳೀಬೇಕಾ?"

ಥಟ್ಟನೆ ಏನೋ ಹೊಳೆದು ಅಕ್ಕ ಮನೆಯೊಳಗೆ ಓಡಿದಳು. ತುಂಬಿದ ಬಿಂದಿಗೆಯನ್ನು ಅಂಗಳಕ್ಕೆ ಸುರಿದು, ಚೊಂಬು ಹಾಕಿಕೊಂಡು, ಆ ಕೋಟು ತೊಟ್ಟವರ ನಡುವೆಯೇ ನಡೆದಳು. ಠಣ್ ಠಣ್. ರಾಣಿ ಮಗಳ ಕಿವಿ ನಿಮಿರಿತು. ಅಕ್ಕನ ಹಿಂದೆ ಅವಳು ನಡೆದ ಚೆಂದ ನಾನು ಮತ್ತೆ ಯಾವ ಕುದುರೆಯಲ್ಲೂ ಕಾಣಲಿಲ್ಲ. ಕೆಲವರು ನಕ್ಕರು. ಮದ್ರಾಸಿನ ಮುದುಕರೊಬ್ಬರು ನಗದೆ ಅವಳನ್ನು ಕೊಂಡರು.

ಲಾರಿ ಹತ್ತಲೂ ಅವಳದು ಅದೇ ಹಟ. ಅಕ್ಕ ಬಿಂದಿಗೆ ಹಿಡಿದು ಹಲಗೆಯ ಮೇಲೆ ಮುಂದೆ ನಡೆದು ಹತ್ತಿಸಿದಳು. ಇಳಿದಾಗ ಅಕ್ಕನ ಕೈ ಬರಿದಾಗಿತ್ತು. "ಬಿಂದಿಗೆ ನೀವೇ ಇಟ್ಕೊಳ್ಳಿ. ಮುಂದೆ ಬಾರಿಸ್ಕೊಂಡು ನಡೀರಿ, ಬರ್ತಾಳೆ" ಎಂದಳು ಲಾರಿಯವನಿಗೆ. ಲೋಟ ನೆಗ್ಗಿದರೂ ಬೈಯುವ ಅಮ್ಮ ಮಾರನೆಯ ದಿನ ತಾನೇ ಒಂದು ಮಣ್ಣಿನ ಕೊಡ ತಂದಿಟ್ಟಳು.

ಮೊಮ್ಮಕ್ಕಳಾದ ನೀವು ಈಗ ಯಾರದೇ ಹೆಸರು ಒತ್ತಿದರೂ ಫೋನಿನಲ್ಲಿ ಅವರ ಮುಖ ಬರುತ್ತದೆ. "ಅಜ್ಜೀ, ಅವಳು ಗೆದ್ದಳಾ? ಹೆಸರು ಹೇಳು, ಹುಡುಕ್ತೀವಿ" ಎನ್ನುತ್ತೀರಿ. ಮದ್ರಾಸಿನವರು ಏನು ಹೆಸರಿಟ್ಟರೋ ನಮಗೆ ತಿಳಿಯಲೇ ಇಲ್ಲ, ಮಕ್ಕಳೇ. ಗೆದ್ದಳೇ ಎಂದು ಅಕ್ಕ ಒಮ್ಮೆಯೂ ಕೇಳಿದವಳಲ್ಲ. ಆಮೇಲೆ ಅವಳು ಮಣ್ಣಿನ ಕೊಡದಲ್ಲಿ ನೀರು ತರುತ್ತಿದ್ದಳು. ಅದು ಸದ್ದು ಮಾಡುತ್ತಿರಲಿಲ್ಲ. ಆದರೂ ಬಾವಿಯ ದಾರಿಯಲ್ಲಿ ಆಗಾಗ ನಿಂತು, ಹಿಂದೆ ತಿರುಗಿ ನೋಡುತ್ತಿದ್ದಳು.