ಹಗಲಲ್ಲಿ ಕಚ್ಚುವ ಸೊಳ್ಳೆ

ಆಗ ಆ ಊರನ್ನು ಔರಂಗಾಬಾದ್ ಎನ್ನುತ್ತಿದ್ದರು. ನಾಸಿಕದಿಂದ ನನಗೆ ಅಲ್ಲಿಗೆ ವರ್ಗವಾದಾಗ ಗಂಡ ತಮ್ಮ ನೌಕರಿಗಾಗಿ ನಾಸಿಕದಲ್ಲೇ ಉಳಿದರು. ನಾನು, ಅತ್ತೆ ಇಬ್ಬರೇ ಒಂದು ಸೊಸೈಟಿಯ ಎರಡನೆಯ ಮಹಡಿಗೆ ಬಂದೆವು. ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು. ಸೋಮವಾರ, ಮಂಗಳವಾರಗಳನ್ನು ಅಲ್ಲಿ ಯಾರೂ ಎಣಿಸುತ್ತಿರಲಿಲ್ಲ. ನೀರಿನ ದಿನ, ನೀರಿನ ಮರುದಿನ ಎನ್ನುತ್ತಿದ್ದರು. ಪ್ರತಿ ಮನೆಯಲ್ಲೂ ಡ್ರಮ್ಮು, ಬಕೆಟ್ಟು, ಕೊನೆಗೆ ಕುಕ್ಕರು ಕೂಡ ತುಂಬಿರುತ್ತಿತ್ತು.

ನಮ್ಮ ಹಿಂದಿನ ಬಾಲ್ಕನಿಯಲ್ಲಿ ಎರಡು ಡ್ರಮ್ಮು, ಅವುಗಳ ಪಕ್ಕದಲ್ಲಿ ಅತ್ತೆಯ ಮಡಿ ನೀರಿನ ಸ್ಟೀಲ್ ಟಾಕಿ. ಅದನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ, ನಾನೂ ಸಹ. ನೀರಿನ ದಿನ ಸ್ನಾನ ಮುಗಿಸಿ ಅವರೇ ತುಂಬುತ್ತಿದ್ದರು. ಉಳಿದ ನೀರಿನ ಮೇಲೆ ಹೊಸ ನೀರು. ನಾಲ್ಕು ದಿನಕ್ಕೊಮ್ಮೆ ಬರುವುದನ್ನು ಚೆಲ್ಲುವವರು ಯಾರು? ಟಾಕಿಯ ಬಾಯಿಗೆ ಒಂದು ಪಂಚೆ ಹೊದಿಸಿರುತ್ತಿದ್ದರು. ಪಾಲಿಕೆಯ ಹೆಂಗಸು ಟಾರ್ಚು, ಔಷಧದ ಸೀಸೆ ಹಿಡಿದು ಬಂದಾಗಲೆಲ್ಲ ಹೊಸ್ತಿಲಲ್ಲೇ ಅಡ್ಡ ನಿಲ್ಲುತ್ತಿದ್ದರು.

"ನಮ್ಮದು ಮಡಿ ನೀರವಾ. ಅದರಾಗ ಎಲ್ಲಿ ಹುಳಾ ಬರ್ತಾವ? ಅಲ್ಲಿ ಶೆಡ್ಡಿನ್ಯಾಗ ಹೋಗಿ ನೋಡು."

ಆಕೆಗೆ ಕನ್ನಡ ಬಾರದು, ಅತ್ತೆಗೆ ಮರಾಠಿ ಬಾರದು. ಅಡ್ಡ ಚಾಚಿದ ಕೈ ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು. ತಪಾಸಣೆ ಆಯಿತೆಂದು ಬಾಗಿಲ ಮೇಲೆ ಸೀಮೆಸುಣ್ಣದಿಂದ ತಾರೀಖು ಬರೆದು ಆಕೆ ಮುಂದಿನ ಮನೆಗೆ ಹೋಗುತ್ತಿದ್ದಳು. ಅಲ್ಲೂ ಹಾಗೆಯೇ. ನಮ್ಮ ಮೆಟ್ಟಿಲಿನ ಎಲ್ಲ ಬಾಗಿಲುಗಳ ಮೇಲೂ ತಾರೀಖಿತ್ತು.

ಶೆಡ್ಡುಗಳು ಸೊಸೈಟಿಯ ಖಾಲಿ ಜಾಗದಲ್ಲಿದ್ದವು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ದುಡಿಯಲು ಯಾದಗಿರಿ ಕಡೆಯಿಂದ ಬಂದ ಸಂಸಾರಗಳು ಅಲ್ಲಿ ತಗಡಿನಡಿ ಇದ್ದವು. ಒಂದೊಂದು ಸಂಸಾರಕ್ಕೆ ಎರಡೆರಡು ಕೊಡ. ಬೆಳಿಗ್ಗೆ ಟ್ಯಾಂಕರಿನಿಂದ ತುಂಬಿದ್ದು ರಾತ್ರಿಯೊಳಗೆ ಮುಗಿದಿರುತ್ತಿತ್ತು. ಅವರಲ್ಲೊಬ್ಬಳು ನಮ್ಮ ಮನೆಗೆ ಬಂದು ದಿನಾ ಎರಡು ಗಂಟೆ ಅದೇ ಬಾಲ್ಕನಿಯಲ್ಲಿ ಕೂತು ಪಾತ್ರೆ ಬೆಳಗಿ ಬಟ್ಟೆ ಒಗೆಯುತ್ತಿದ್ದಳು. ಟಾಕಿಯಿಂದ ಮಾರು ದೂರ ಕೂರಬೇಕೆಂಬುದು ಅತ್ತೆಯ ಕಟ್ಟಳೆ.

ಆ ಮಳೆಗಾಲ ನಮ್ಮ ಕಟ್ಟಡದಲ್ಲಿ ಮೂವರಿಗೆ ಡೆಂಗ್ಯೂ ಆಯಿತು; ಖಾಸಗಿ ಆಸ್ಪತ್ರೆಗೆ ಹೋದರು, ಪಾಲಿಕೆಗೆ ಸುದ್ದಿ ಹೋಗಲಿಲ್ಲ. ಆಮೇಲೆ ನಮ್ಮ ಪಾತ್ರೆ ಬೆಳಗುವವಳು ಮಲಗಿದಳು. ಮೊದಲು ಮಲಗಿದವರು ಕಟ್ಟಡದವರು, ಆದರೂ ರೋಗ ತಂದವಳು ಅವಳೆಂದು ಇಡೀ ಸೊಸೈಟಿ ತೀರ್ಮಾನಿಸಿತು.

ನಾನು ರಜೆ ಹಾಕಿ ಆಕೆಯನ್ನೂ ಆಕೆಯ ಗಂಡನನ್ನೂ ಆಟೋದಲ್ಲಿ ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ರಕ್ತದ ವರದಿ ನೋಡಿ ಡಾಕ್ಟರು, "ಹಗಲು ಹೊತ್ತು ಎಲ್ಲಿರುತ್ತಾಳೆ? ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ," ಎಂದರು. ಎರಡು ದಿನ ಬಿಟ್ಟು ಮತ್ತೆ ರಕ್ತ ತೋರಿಸಬೇಕು, ಪ್ಲೇಟ್‌ಲೆಟ್ ಇನ್ನೂ ಇಳಿದರೆ ಸೇರಿಸಿಕೊಳ್ಳಬೇಕು, ಅಲ್ಲಿಯವರೆಗೆ ದೂರ ಎಲ್ಲೂ ಹೋಗಬಾರದು ಎಂದೂ ಹೇಳಿದರು. ನಾನು ಅಷ್ಟನ್ನೂ ಕನ್ನಡದಲ್ಲಿ ಅವಳ ಗಂಡನಿಗೆ ಹೇಳಿದೆ.

ಮನೆಗೆ ಬಂದು ಟಾರ್ಚು ತಂದು ಟಾಕಿಯ ಪಂಚೆ ಸರಿಸಿದೆ. ಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು; ಬೆಳಕು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿದವು. ಎಣಿಸಲು ಹೋದೆ, ಆಗಲಿಲ್ಲ.

"ಅತ್ತಿ, ಬಂದು ನೋಡ್ರಿ."

"ಟಾಕಿ ಮುಟ್ಟಿದಿ!" ಎಂದರು ಅವರು. ಆಮೇಲೆ ಬಗ್ಗಿ ನೋಡಿ, "ಶೆಡ್ಡಿನ ಸೊಳ್ಳಿ ಬಂದು ಹಾಕ್ಯಾವ," ಎಂದರು.

ನಾನು ಟಾಕಿಯನ್ನು ಬೋರಲು ಹಾಕಿದೆ. ಅವರು ಆ ದಿನ ಊಟ ಮಾಡಲಿಲ್ಲ.

ಸಂಜೆ ಸೊಸೈಟಿಯ ಸಭೆ. ಭಾನುವಾರದೊಳಗೆ ಶೆಡ್ಡು ತೆಗೆಸಬೇಕು, ಗುತ್ತಿಗೆದಾರ ಅವರನ್ನು ಪೈಠಣ ರಸ್ತೆಯ ಇನ್ನೊಂದು ಸೈಟಿಗೆ ಸಾಗಿಸಲಿ ಎಂದು ಕಾರ್ಯದರ್ಶಿ ಓದಿದರು. ನಾನು ಎದ್ದು ನಿಂತೆ. ಹುಳು ನಮ್ಮ ಮನೆಯಲ್ಲೇ ಸಿಕ್ಕಿವೆ, ಆ ಹೆಂಗಸಿಗೆ ಎದ್ದು ಕೂರಲೂ ಆಗುತ್ತಿಲ್ಲ, ಆ ಸೈಟಿನ ಹತ್ತಿರ ದವಾಖಾನೆಯೇ ಇಲ್ಲ ಎಂದೆ. ಒಂದೊಂದೇ ಮಾತನ್ನು ಬಿಡಿಸಿ ಮರಾಠಿಯಲ್ಲಿ ಹೇಳಿದೆ. ಯಾರೋ ನಕ್ಕರು.

"ಮ್ಯಾಡಮ್, ನಿಮ್ಮ ಭಾಷೆಯವರು ಅಂತ ಹೀಗೆ ಹೇಳ್ತೀರಿ," ಎಂದರು ಕಾರ್ಯದರ್ಶಿ. "ನಿಮ್ಮ ಅತ್ತೆಯವರು ದಿನಾ ಮೂರು ಸಲ ಬಾಲ್ಕನಿ ಒರೆಸ್ತಾರೆ, ನಾನೇ ನೋಡಿದ್ದೇನೆ."

ಠರಾವು ಪಾಸಾಯಿತು.

ಶುಕ್ರವಾರ ಎರಡನೆಯ ರಕ್ತ ಪರೀಕ್ಷೆ. ಅವಳ ಗಂಡನಿಗೆ ಸ್ಲ್ಯಾಬಿನ ಕೆಲಸ ಬಿಟ್ಟು ಬರಲಾಗಲಿಲ್ಲ, ನಾನೊಬ್ಬಳೇ ಕರೆದೊಯ್ದೆ. ಕಿಟಕಿಯ ಗುಮಾಸ್ತ ವಿಳಾಸ ಕೇಳಿದ. ಹಳೆಯ ಚೀಟಿಯಲ್ಲಿ "ಶೆಡ್ಡು" ಎಂದು ಬರೆದಿತ್ತು. ಪಾಲಿಕೆಯವರು ಔಷಧ ಹೊಡೆದದ್ದೂ ಅಲ್ಲೇ, ಆ ಖಾಲಿ ಕೊಡಗಳ ಸುತ್ತ. ರೋಗಿ ಎಲ್ಲಿ ಮಲಗುತ್ತಾಳೋ ಅದೇ ವಿಳಾಸ. ಎಲ್ಲಿ ದುಡಿಯುತ್ತಾಳೆಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ನಾನು ನಮ್ಮ ಮನೆಯ ನಂಬರು ಹೇಳಿದೆ.

"ನಿಮಗೇನಾಗಬೇಕು ಇವಳು?"

"ನಮ್ಮ ಮನೆಯಲ್ಲಿ ಕೆಲಸ ಮಾಡ್ತಾಳೆ. ಜ್ವರ ಹಿಡಿದದ್ದೂ ಅಲ್ಲೇ."

ಆತ ತಲೆ ಎತ್ತದೆ ಬರೆದುಕೊಂಡ. ಪ್ಲೇಟ್‌ಲೆಟ್ ತುಸು ಏರಿತ್ತು. ಸೇರಿಸುವ ಅಗತ್ಯವಿಲ್ಲ, ಆದರೆ ವಾರವಿಡೀ ಅಲುಗಾಡಬಾರದು ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ನಮ್ಮ ಮೆಟ್ಟಿಲಿಗೆ ಪಾಲಿಕೆಯ ಐದು ಜನ ಬಂದರು. ಜೊತೆಗೆ ಒಬ್ಬ ಮೇಲ್ವಿಚಾರಕ, ಕೈಯಲ್ಲಿ ದವಾಖಾನೆಯಿಂದ ಹೋದ ವಿಳಾಸಗಳ ಪಟ್ಟಿ. ಈ ಸಲ ಹೊಸ್ತಿಲಲ್ಲಿ ಅಡ್ಡ ನಿಂತವರ ಮಾತು ನಡೆಯಲಿಲ್ಲ. ಒಂಬತ್ತು ಮನೆಗಳಲ್ಲಿ ಹುಳು ಸಿಕ್ಕವು. ಕಾರ್ಯದರ್ಶಿಯ ಮನೆಯಲ್ಲಿ ಬೇಸಿಗೆಯಿಂದ ಹಾಗೇ ಬಿಟ್ಟಿದ್ದ ಕೂಲರಿನಲ್ಲಿ. ಅವರು ನೇರ ನನ್ನ ಬಾಗಿಲಿಗೆ ಬಂದು, ಕಟ್ಟಡದ ಹೆಸರು ಕೆಡಿಸಿದಿರಲ್ಲ ಎಂದರು. ಜ್ವರದ ಮಾತೇ ಎತ್ತಲಿಲ್ಲ. ಶೆಡ್ಡಿನ ಮಾತನ್ನೂ ಎತ್ತಲಿಲ್ಲ. ಭಾನುವಾರ ಬಂತು, ಹೋಯಿತು, ಠರಾವು ಪುಸ್ತಕದಲ್ಲೇ ಉಳಿಯಿತು.

ಮೂರು ವಾರದ ಮೇಲೆ ಆಕೆ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿ ಬಂದಳು. ಸೊರಗಿದ್ದಳು, ಆದರೆ ನಗುತ್ತಿದ್ದಳು. ಸೋಮವಾರದಿಂದ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದೆ.

ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಳು.

"ಬ್ಯಾಡ್ರಿ ಅಕ್ಕಾರ. ನಮ್ ಮನ್ಯಾಗಿನವ್ರು ಹೋಗಬ್ಯಾಡ ಅಂತಾರ," ಎಂದಳು. "ನಿಮ್ಮಲ್ಲಿ ಸೊಳ್ಳಿ ಭಾಳ."