ಹೇಮಾಳ ಕನ್ನಡ

ಇವತ್ತು ಕಾಲೇಜಿನಲ್ಲಿ ಪಕ್ಕದ ಹುಡುಗಿ ಚಿತ್ರಾನ್ನದ ಡಬ್ಬಿ ತೆರೆದಳು. ಆ ವಾಸನೆ ಬಂದದ್ದೇ ತಡ, ನನ್ನ ಹಸಿವು ಸತ್ತುಹೋಯಿತು. ಒಂಬತ್ತನೇ ತರಗತಿಯಲ್ಲಿ ವರ್ಷವಿಡೀ ನಾನು ಶಾಲೆಯ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂದದ್ದು ಅದನ್ನೇ.

ಅಪ್ಪನದು ಬ್ಯಾಂಕ್ ಕೆಲಸ. ವರ್ಗವಾಗಿ ತುಮಕೂರಿನಿಂದ ಚೆನ್ನೈನ ಮಾಧವರಂಗೆ ಬಂದಿದ್ದೆವು. ನನ್ನನ್ನು ಯಾರಾದರೂ ಕೇಳಿದ್ದರೇ? ತರಗತಿಯಲ್ಲಿ ಎಲ್ಲರೂ ತಮಿಳಿನಲ್ಲಿ ನಗುತ್ತಿದ್ದರು. ನನ್ನನ್ನು ನೋಡಿಯೇ ನಗುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಹಟಕ್ಕೆ ತಮಿಳು ಕಲಿಯಲಿಲ್ಲ. ಗಣಿತದ ಟೀಚರ್ ಒಮ್ಮೆ ಮೆಟ್ಟಿಲಲ್ಲಿ ನನ್ನನ್ನು ಕಂಡು, "ಅಡ್ಜಸ್ಟ್ ಪಣ್ಣಿಕ್ಕೊ ಮಾ", ಹೊಂದಿಕೊಳ್ಳಮ್ಮ, ಎಂದು ದಾಟಿ ಹೋದರು. ಹದಿನಾಲ್ಕರ ಹುಡುಗಿ ಅಳುತ್ತಾ ಅನ್ನ ತಿನ್ನುವಾಗ ಹೇಳುವ ಮಾತೇ ಅದು? ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಮೆಟ್ಟಿಲಿನಿಂದ ಇಡೀ ಅಂಗಳ ಕಾಣುತ್ತಿತ್ತು. ಕೆಳಗಿದ್ದವರಿಗೆಲ್ಲ ನಾನು ಅಲ್ಲಿಂದಲೇ ತೀರ್ಪು ಕೊಡುತ್ತಿದ್ದೆ: ಇವಳು ಚಾಡಿಕೋರಿ, ಅವಳು ಟೀಚರ ಬಾಲ. ಎಲ್ಲರಿಗಿಂತ ಕಠಿಣ ತೀರ್ಪು ಹೇಮಾಳಿಗೆ. ಅವಳು ಕನ್ನಡದವಳು, ತಾತನ ಕಾಲಕ್ಕೇ ಚೆನ್ನೈ ಸೇರಿದ ಮನೆ. ಹಾಗಿದ್ದೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ. ಎಂಥ ಜಂಬ, ನೀವೇ ಹೇಳಿ.

ನವೆಂಬರಿನಲ್ಲಿ ನಮ್ಮ ಬಡಾವಣೆಯ ಕನ್ನಡದವರು ರಾಜ್ಯೋತ್ಸವ ಮಾಡಿದರು. ಹೇಮಾ ರೇಷ್ಮೆ ಲಂಗ ಉಟ್ಟು ವೇದಿಕೆ ಹತ್ತಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಜ್ಜಿ, ಮೊಮ್ಮಗಳು ಹೇಳಬೇಕಾದ ಪ್ರತಿ ಮಾತಿಗೂ ತಾವೇ ತುಟಿ ಆಡಿಸುತ್ತಿದ್ದರು. "ನಮ್ಮ ಭಾಷೆಯನ್ನು ನಾವು ಮರಕ್ಕಬಾರದು" ಎಂದಳು ಹೇಮಾ, ತಮಿಳು ಬೆರೆಸಿ.

"ಮರಕ್ಕಬಾರದು ಅಲ್ಲ, ಮರೆಯಬಾರದು" ಎಂದೆ ನಾನು, ಎಲ್ಲರಿಗೂ ಕೇಳುವಂತೆ.

ಸಭೆ ನಕ್ಕಿತು. ಹೇಮಾ ಮಾತು ಮುಗಿಸದೆ ಇಳಿದುಬಿಟ್ಟಳು. ಅಜ್ಜಿಯ ತುಟಿ ಮಾತ್ರ ಇನ್ನೂ ಎರಡು ಮಾತು ಮುಂದೆ ಹೋಗಿ ನಿಂತಿತು.

ಅಷ್ಟಕ್ಕೂ ತೃಪ್ತಿಯಾಗದೆ ಹೊರಗೆ ಅವಳನ್ನು ಹಿಡಿದು ಕೇಳಿದೆ: "ಕನ್ನಡ ಬರುತ್ತಲ್ಲ, ಮತ್ತೆ ಸ್ಕೂಲಲ್ಲಿ ನನ್ನ ಹತ್ರ ಯಾಕೆ ಮಾತಾಡಲ್ಲ?"

ಅವಳು ಚಪ್ಪಲಿಯ ಪಟ್ಟಿ ಬಿಗಿಯುತ್ತಾ ಹೇಳಿದಳು: "ಫಸ್ಟ್ ಡೇ ಮಾತಾಡಿದೆ. ನೀನೇ ನಕ್ಕೆ. ಇವತ್ತೂ ಎಲ್ಲರನ್ನೂ ನಗಿಸಿಬಿಟ್ಟೆ. ಪೋದುಮಾ, ಸಾಕಾ?"

ಸುಳ್ಳು ಹೇಳುತ್ತಾಳೆಂದು ಮೈಯೆಲ್ಲ ಉರಿಯಿತು. ಮನೆಗೆ ಬಂದು ಅಮ್ಮನಿಗೆ ದೂರು ಹೇಳಿದೆ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"'ಕವಲೆಪಡಬೇಡ, ತಮಿಳ್ ನಾನು ಸೊಲ್ಲಿಕೊಡ್ತೀನಿ' ಅಂದಿದ್ದು ಅವಳೇ ಅಲ್ವೇನೇ? ಚಿಂತೆ ಮಾಡಬೇಡ, ಹೇಳಿಕೊಡ್ತೀನಿ ಅಂತ. ಸ್ಕೂಲಿಂದ ಬಂದವಳೇ ಅಣಕಿಸಿ ತೋರಿಸಿದ್ದೆ. ನಾವೂ ನಕ್ಕಿದ್ವಿ."

ನೆನಪಾಯಿತು. ಆ ಊರಿನಲ್ಲಿ ನನ್ನ ಕಡೆಗೆ ಚಾಚಿದ್ದ ಮೊದಲ ಕೈ ಅದು.

ಮರುದಿನ ಅವಳ ಬೆಂಚಿನ ಬಳಿ ನಿಂತು ಕ್ಷಮೆ ಕೇಳಿದೆ. "ಸರಿ" ಎಂದು ಪುಸ್ತಕದ ಪುಟ ತಿರುಗಿಸಿದಳು, ಅಷ್ಟೇ. ನನಗೆ ಅದಕ್ಕೂ ಸಿಟ್ಟು ಬಂತು: ಕ್ಷಮೆ ಕೇಳಿದವಳಿಗೆ ಸ್ನೇಹ ಸಿಗಬೇಡವೇ? ಆ ವರ್ಷ ಮುಗಿಯುವವರೆಗೂ ನನ್ನ ಊಟ ಮೆಟ್ಟಿಲ ಮೇಲೆಯೇ ಆಯಿತು. ಹೇಮಾಳ ವಿಷಯದಲ್ಲಿ ನಾನು ಸಿಟ್ಟಾಗಬೇಕಾದದ್ದು ನನ್ನ ಮೇಲೆಯೇ ಎಂದು ಒಪ್ಪಿಕೊಳ್ಳಲು ಎಷ್ಟೋ ದಿನ ಹಿಡಿಯಿತು. ಆಮೇಲೆ ತಮಿಳು ಕಲಿಯತೊಡಗಿದೆ, ಇನ್ನೂ ತಡವರಿಸುತ್ತೇನೆ.

ಇವತ್ತು ಸಂಜೆ ಮಾಧವರಂ ಬಸ್ ನಿಲ್ದಾಣದಲ್ಲಿ ಹೇಮಾ ಎದುರಾದಳು. ತಮಿಳಿನಲ್ಲಿ ಹೇಗಿದ್ದೀಯ ಎಂದು ಕೇಳಿದಳು. "ನಲ್ಲಾ ಇರುಕ್ಕು" ಎಂದೆ. ಚೆನ್ನಾಗಿದ್ದೇನೆ ಎನ್ನಲು ಹೋಗಿ, ವಸ್ತು ಚೆನ್ನಾಗಿದೆ ಎನ್ನುವಾಗ ಬಳಸುವ ಮಾತು ಆಡಿದ್ದೆ.

"ಇರುಕ್ಕೇನ್" ಎಂದು ತಿದ್ದಿದಳು, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. ನಗಲಿಲ್ಲ.

"ಇರುಕ್ಕೇನ್" ಎಂದೆ ನಾನು.