ಅರವತ್ತು ಎಣಿಸದೆ ಹಾಕಿದ ಬಲ್ಬು

ಬಲ್ಬಕ್ಕನನ್ನು ಕುರಿತು ಎರಡು ಸುಳ್ಳುಗಳು ಇಂದಿಗೂ ಚಾಲ್ತಿಯಲ್ಲಿವೆ. ಪಂದ್ಯದ ದಿನ ಬಡಗಿಯನ್ನು ಗೆಲ್ಲಿಸುವುದಕ್ಕಾಗಿ ಆಕೆ ಬೇಕೆಂದೇ ಯಂತ್ರ ಕೆಡಿಸಿದಳು ಎಂಬುದು ಒಂದು. ಆ ಕಾರಣಕ್ಕೆ ಆಟದ ಮನೆಯವರು ಆಕೆಯನ್ನು ಕೆಲಸದಿಂದ ತೆಗೆದುಹಾಕಿದರು ಎಂಬುದು ಇನ್ನೊಂದು. ಎರಡಕ್ಕೂ ತಲೆಯೂ ಇಲ್ಲ, ಬುಡವೂ ಇಲ್ಲ. ಕಂಡವರು ಬಾಯಿಗೆ ಬೀಗ ಹಾಕಿಕೊಂಡು, ಕಾಣದವರು ಕಥೆ ಕಟ್ಟುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಬೇಕಾಗಿದೆ.

ಆಟದ ಮನೆ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಸೈಕಲ್ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ಎಂಟು ಪಿನ್‌ಬಾಲ್ ಯಂತ್ರಗಳಿದ್ದವು. ಓರೆಯಾದ ಮೇಜು, ಮೇಲೆ ಗಾಜು, ಒಳಗೆ ಉಕ್ಕಿನ ಗುಂಡು. ಗುಂಡು ಕೆಳಗೆ ಜಾರಿಹೋಗದಂತೆ, ಗುಂಡಿ ಒತ್ತಿದರೆ ಆಡುವ ಮೇಜಿನ ಎರಡು ಪುಟ್ಟ ಕೈಗಳಿಂದ ಹೊಡೆಯುತ್ತಿರಬೇಕು. ಮೇಜಿನ ತಲೆಯ ಕಡೆ ನಿಂತ ಪೆಟ್ಟಿಗೆಯಲ್ಲಿ ಚಿತ್ರ ಬರೆದ ಗಾಜು, ಅದರ ಹಿಂದೆ ಸಾಲುಸಾಲು ಬಲ್ಬು. ಎಲ್ಲವೂ ಹಳೆಯ ಕಾಲದವು. ತಂತಿ, ಸುರುಳಿ, ಮೋಟಾರು, ಟಕಟಕ ಎನ್ನುವ ಸ್ವಿಚ್ಚುಗಳಿಂದಲೇ ನಡೆಯುತ್ತಿದ್ದವು. ಬಲ್ಬಕ್ಕನ ಸೋದರಮಾವ ಅಲ್ಲಿಯ ಮೆಕ್ಯಾನಿಕ್. ಆಕೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನ ಕೈಕೆಳಗೆ ಕೆಲಸಕ್ಕೆ ಸೇರಿದಳು. ಸೇರಿದ ತಿಂಗಳೊಳಗೆ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಸೇರಿ ಬಲ್ಬಕ್ಕ ಎಂಬ ಹೆಸರೇ ನಿಂತಿತು.

ಬಲ್ಬು ಹಾಕುವುದರಲ್ಲೇನು ವಿದ್ಯೆ ಎಂದು ಕೇಳುವವರಿಗೆ ಇಷ್ಟು ತಿಳಿದಿರಲಿ. ಆ ಯಂತ್ರಗಳಿಗೆ ಎರಡು ಬಗೆಯ ಬಲ್ಬು. ಒಂದು ಸಾದಾ, ಹತ್ತಿದರೆ ಹತ್ತಿಯೇ ಇರುತ್ತದೆ. ಇನ್ನೊಂದು ಮಿಣುಕು ಬಲ್ಬು. ಅದರೊಳಗೆ ಕೂದಲಿಗಿಂತ ತುಸು ದಪ್ಪನೆಯ ಲೋಹದ ಪಟ್ಟಿಯೊಂದಿದೆ; ಕಾದಾಗ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ಎರಡು ಮಿಣುಕು ಬಲ್ಬುಗಳು ಒಂದೇ ತಾಳಕ್ಕೆ ಮಿಣುಕುವುದಿಲ್ಲ. ಅದಕ್ಕಾಗಿಯೇ ಚಿತ್ರದ ಗಾಜು ಜೀವ ಬಂದಂತೆ ಕಾಣುವುದು.

“ಬಣ್ಣಕ್ಕೆ ಮಿಣುಕು, ಲೆಕ್ಕಕ್ಕೆ ಸಾದಾ,” ಎನ್ನುತ್ತಿದ್ದ ಮಾವ. ಚಿತ್ರದ ದೀಪಸ್ತಂಭ, ನಕ್ಷತ್ರ, ಕುಣಿಯುವವಳ ಓಲೆ, ಇವುಗಳ ಹಿಂದೆ ಮಿಣುಕು ಹಾಕಬಹುದು. ಅಂಕಿಗಳ ಹಿಂದೆಯಾಗಲಿ, ಆಟಗಾರ ನೋಡಿ ಗುರಿ ಹಿಡಿಯುವ ದೀಪಗಳಲ್ಲಾಗಲಿ ಕೂಡದು. ಒಮ್ಮೆ ಆಕೆ ಚಿತ್ರದ ನಾವಿಕನ ಮುಖದ ಹಿಂದೆ ಮಿಣುಕು ಹಾಕಿದ್ದಳು.

“ತೆಗಿಯೇ ಮಾರಾಯ್ತಿ,” ಎಂದ ಮಾವ. “ಅವನು ಬಂದವರಿಗೆಲ್ಲ ಕಣ್ಣು ಹೊಡೀತಿದಾನೆ.”

ಮಿಣುಕು ಬಲ್ಬಿಗೆ ಇನ್ನೊಂದು ಗುಣವಿದೆ, ಅದೇ ಈ ಪ್ರಸಂಗದ ಮೂಲ. ತಣ್ಣಗಿರುವ ಮಿಣುಕು ಬಲ್ಬನ್ನು ಹತ್ತಿಸಿದರೆ ಕೂಡಲೇ ಮಿಣುಕುವುದಿಲ್ಲ. ಪಟ್ಟಿ ಕಾಯುವವರೆಗೆ ಇಪ್ಪತ್ತೋ ನಲವತ್ತೋ ಸೆಕೆಂಡು ಸಾದಾ ಬಲ್ಬಿನಂತೆ ಸಭ್ಯವಾಗಿ ಉರಿಯುತ್ತದೆ. ಬುಡದ ಮೇಲಿನ ನಂಬರು ಅಳಿಸಿಹೋಗಿದ್ದರೆ ಯಾವುದು ಯಾವುದೆಂದು ತಿಳಿಯಲು ಇರುವುದು ಒಂದೇ ದಾರಿ: ಪರೀಕ್ಷೆಯ ಹೋಲ್ಡರಿಗೆ ಹಾಕಿ ಅರವತ್ತು ಎಣಿಸುವುದು. ಮಾವ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಬಲ್ಬಕ್ಕ ಒಂದೊಂದು ಬಲ್ಬಿಗೂ ಅರವತ್ತು ಎಣಿಸಿಯೇ ಹಾಕಿದಳು. ಆಕೆಯ ಗಂಡ, ಎದುರು ಓಣಿಯ ದರ್ಜಿ, ಹಾಸ್ಯ ಮಾಡುತ್ತಿದ್ದ: “ನನ್ನನ್ನ ಒಪ್ಪೋಕೆ ಮುಂಚೆ ಇಷ್ಟು ಎಣಿಸಿದ್ಯೇನೇ ನೀನು?”

“ಎಣಿಸಿದ್ರೆ ನಿಮ್ಮ ಗತಿ ಏನಾಗ್ತಿತ್ತು ರೀ?”

ಪಂದ್ಯದ ದಿನ ಆಕೆ ಹತ್ತೇ ಎಣಿಸಿದಳು.

ವರ್ಷಕ್ಕೊಂದು ಪಂದ್ಯ, ಆ ವರ್ಷ ಕೊನೆಯ ಸುತ್ತಿಗೆ ಉಳಿದವರು ಬಡಗಿ ಮತ್ತು ಬಸ್ ಕಂಡಕ್ಟರ್. ಆಟ ಆರಂಭವಾಗಲು ಅರ್ಧ ಗಂಟೆಯಿರುವಾಗ ಮೂರನೆಯ ಯಂತ್ರದಲ್ಲಿ ಬಲಗಡೆಯ ಗುಳಿಯ ದೀಪ ಸುಟ್ಟುಹೋಯಿತು. ಹೊಸ ಬಲ್ಬುಗಳು ಮುಗಿದಿದ್ದವು. ಬಿಚ್ಚಿಟ್ಟ ಹಳೆಯ ಯಂತ್ರದ ಬಲ್ಬುಗಳ ಡಬ್ಬಿಯಿಂದ ಆಕೆ ಒಂದನ್ನು ಆರಿಸಿದಳು. ನಂಬರು ಸವೆದಿತ್ತು. ಮ್ಯಾನೇಜರು ಮೆಟ್ಟಿಲ ಬಳಿಯಿಂದ ಮೂರು ಸಲ ಕೂಗಿದ್ದರು. ಹತ್ತಕ್ಕೆ ನಿಲ್ಲಿಸಿ, ಬಲ್ಬು ತಿರುಗಿಸಿ ಕೂರಿಸಿ, ಗಾಜು ಮುಚ್ಚಿದಳು.

ಆ ಗುಳಿಯ ನಿಯಮ ಇಷ್ಟು: ಎದುರಿನ ಐದು ಗುರಿಗಳನ್ನೂ ಬೀಳಿಸಿದರೆ ಅದರ ದೀಪ ಹತ್ತುತ್ತದೆ. ಹತ್ತಿರುವಾಗ ಗುಂಡು ಹಾಕಿದರೆ ಲಕ್ಷ ಅಂಕ. ಆದರೆ ಗುಂಡು ಪಕ್ಕದ ರಬ್ಬರಿಗೆ ತಗುಲಿದರೆ ದೀಪವೂ ಹೋಯಿತು, ಲಕ್ಷವೂ ಹೋಯಿತು.

ಕಂಡಕ್ಟರ್ ಕೊನೆಯ ಗುಂಡಿನಲ್ಲಿ ಐದು ಗುರಿಗಳನ್ನೂ ಬೀಳಿಸಿದ. ದೀಪ ಹತ್ತಿತು. ಗೆಲ್ಲಲು ಅವನಿಗೆ ಬೇಕಾಗಿದ್ದದ್ದು ಎಂಬತ್ತು ಸಾವಿರ. ಗುಂಡು ಮೇಲೆ ಕೆಳಗೆ ಓಡಾಡಿ, ರಬ್ಬರಿನ ಮಗ್ಗುಲಲ್ಲೇ ಹಾದು ಬಂತು. ಅವನು ಅದನ್ನು ಮೇಜಿನ ಬಲಬದಿಯ ಪುಟ್ಟ ಕೈಯ ಮೇಲೆ ನಿಲ್ಲಿಸಿ ತಲೆಯೆತ್ತಿದ. ದೀಪ ಆರಿತ್ತು. ರಬ್ಬರು ತಗುಲಿತೆಂದೇ ಅವನು ತಿಳಿದ. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಗುಳಿ ಬಿಟ್ಟು ಎಡಗಡೆಗೆ ಹೊಡೆದ. ಗುಂಡು ನಡುವಿನಿಂದ ಜಾರುತ್ತಿರುವಾಗ ದೀಪ ಮತ್ತೆ ಹತ್ತಿತು.

“ಹತ್ತಿತ್ತು! ಆರಿತ್ತು! ಮತ್ತೆ ಹತ್ತಿದೆ ನೋಡ್ರಿ!” ಎಂದು ಅವನು ಕಿರುಚಿದ.

“ಸೋತವನಿಗೆ ನೆಲ ಡೊಂಕು,” ಎಂದ ಬಡಗಿ.

ಮ್ಯಾನೇಜರು ಯಂತ್ರ ಆರಿಸಿ, ಗಾಜು ತೆಗೆಸಿ, ಕರವಸ್ತ್ರದಲ್ಲಿ ಬಲ್ಬು ಹಿಡಿದು ಪರೀಕ್ಷೆಯ ಹೋಲ್ಡರಿಗೆ ಹಾಕಿದರು. ಅಷ್ಟರಲ್ಲಿ ಅದು ತಣ್ಣಗಾಗಿತ್ತು. ಐದು ಸೆಕೆಂಡು ನೋಡಿದರು. ಕಡ್ಡಿಯಂತೆ ನೆಟ್ಟಗೆ ಉರಿಯಿತು.

“ನಲವತ್ತು ಜನರ ಎದುರಿಗೆ ಹಸಿ ಸುಳ್ಳು ಹೇಳ್ತೀರಲ್ರೀ! ನಾಳೆಯಿಂದ ಈ ಮೆಟ್ಟಿಲು ಹತ್ತಬೇಡಿ.”

ಜನ ನಕ್ಕರು. ಯಾರೋ ಕಂಡಕ್ಟರನ ದನಿಯಲ್ಲೇ “ರೈಟ್, ರೈಟ್” ಎಂದರು. ಅವನು ಗೋಡೆಯ ಮೊಳೆಯಿಂದ ಟೋಪಿ ಕೈಗೆತ್ತಿಕೊಂಡ. ಅವನ ಕಿವಿಗಳು ಕೆಂಪಾಗಿದ್ದವು.

ಬಲ್ಬಕ್ಕ ಗಾಜಿನ ತುದಿ ಹಿಡಿದು ನಿಂತಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಬಾಯಿ ಬಿಟ್ಟರೆ ಹದಿನಾಲ್ಕು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಒಬ್ಬ ಪ್ರಾಮಾಣಿಕ ಮನುಷ್ಯ ಊರ ಬಾಯಲ್ಲಿ ಸುಳ್ಳುಗಾರ. ಆ ಕೋಣೆಯಲ್ಲಿ ಇದನ್ನು ಬಲ್ಲವಳು ಆಕೆಯೊಬ್ಬಳೇ.

“ಸಾರ್, ಬಲ್ಬು ತೆಗೀಬೇಡಿ. ಎಣಿಸಿ.”

“ಏನಮ್ಮ ಎಣಿಸೋದು? ಇರೋದೇ ಒಂದು ಬಲ್ಬು!”

“ಒಂದು, ಎರಡು ಅಂತ ಎಣಿಸಿ ಸಾರ್. ಕಂಡಕ್ಟರಣ್ಣ, ನೀವು ಹೋಗಬೇಡಿ, ನಿಲ್ಲಿ.”

ಮ್ಯಾನೇಜರು ಎಣಿಸಲಿಲ್ಲ. ಆಕೆಯೇ ಗಟ್ಟಿಯಾಗಿ ಎಣಿಸಿದಳು. ಹನ್ನೆರಡರ ಹೊತ್ತಿಗೆ ನಗು ನಿಂತಿತು. ಹತ್ತೊಂಬತ್ತಕ್ಕೆ ಬಲ್ಬು ಆರಿತು. ಇಪ್ಪತ್ತೊಂದಕ್ಕೆ ಹತ್ತಿತು.

“ಇದು ಮಿಣುಕು ಬಲ್ಬು. ಹಾಕಿದವಳು ನಾನು. ಅರವತ್ತು ಎಣಿಸಬೇಕಿತ್ತು, ಹತ್ತು ಎಣಿಸಿದೆ. ಇವರು ಹೇಳಿದ್ದು ಅಕ್ಷರಶಃ ನಿಜ.”

ಕಂಡಕ್ಟರ್ ಟೋಪಿಯನ್ನು ಮತ್ತೆ ಮೊಳೆಗೆ ತೂಗುಹಾಕಿದ. “ನನಗೆ ಕಣ್ಣು ಹೋಯ್ತೇನೋ ಅಂದ್ಕೊಂಡಿದ್ದೆ ಅಕ್ಕ,” ಎಂದ.

ಸಾದಾ ಬಲ್ಬು ಹಾಕಿ ಆ ಸುತ್ತನ್ನು ಮತ್ತೆ ಆಡಿಸಲಾಯಿತು. ಬಡಗಿಯೇ ಗೆದ್ದ, ಈ ಸಲ ಎರಡು ಲಕ್ಷಕ್ಕೂ ಹೆಚ್ಚಿನ ಅಂತರದಿಂದ. ಕಂಡಕ್ಟರ್ ಅವನ ಕೈ ಕುಲುಕಿ, ಸೋಲನ್ನು ಸೋಲೆಂದೇ ಒಪ್ಪಿಕೊಂಡು ಮನೆಗೆ ಹೋದ. ಬಡಗಿಯನ್ನು ಗೆಲ್ಲಿಸಲು ಸಂಚು ನಡೆಯಿತೆನ್ನುವವರು ಈ ಎರಡನೆಯ ಆಟವನ್ನು ಬೇಕೆಂದೇ ಮರೆಯುತ್ತಾರೆ.

ಮರುದಿನ ಮ್ಯಾನೇಜರು ಆಕೆಗೊಂದು ಕಾಗದ ಕೊಟ್ಟರು. ಅಜಾಗರೂಕತೆಗಾಗಿ ಒಂದು ವರ್ಷ ಯಂತ್ರಗಳನ್ನು ಮುಟ್ಟಕೂಡದು, ಬಾಗಿಲಲ್ಲಿ ಪ್ರವೇಶದ ಚೀಟಿ ಹರಿಯುತ್ತ ಕೂರಬೇಕು. ಐದು ಸೆಕೆಂಡು ನೋಡಿ ಒಬ್ಬ ಮನುಷ್ಯನನ್ನು ಸುಳ್ಳುಗಾರನೆಂದು ಸಾರಿದವರಿಗೆ ಯಾರೂ ಯಾವ ಕಾಗದವನ್ನೂ ಕೊಡಲಿಲ್ಲ. ದರ್ಜಿ ಕೆಂಡವಾದ. “ಕೆಲಸ ಬಿಟ್ಟು ಬಾ, ಕಾಜಾ ಹೊಲಿಯೋಕೆ ನನಗೂ ಜನ ಬೇಕು.”

“ತಪ್ಪು ನಂದೇ ರೀ. ಶಿಕ್ಷೆ ಇನ್ನೊಬ್ಬರಿಗೂ ಆಗಬೇಕಿತ್ತು, ನಿಜ. ಅದಕ್ಕೆ ನಂದು ಮಾಫಿ ಆಗುತ್ತಾ?”

ನಾಲ್ಕು ತಿಂಗಳಲ್ಲಿ ಮ್ಯಾನೇಜರು ತಾವೇ ಬಲ್ಬು ಹಾಕಿ ಆರನೆಯ ಯಂತ್ರದ ಅಂಕಿಗಳನ್ನೆಲ್ಲ ಕುಣಿಸಿಬಿಟ್ಟರು. ಎರಡನೆಯದರ ಚಿತ್ರದ ಗಾಜು, ಒಂದೇ ಕಡೆ ಒತ್ತೊತ್ತಾಗಿ ಹಾಕಿದ ಮಿಣುಕುಗಳ ಕಾವಿಗೆ ಬಣ್ಣ ಬಿಡತೊಡಗಿತು. ಒಂದು ಬೆಳಿಗ್ಗೆ ಅವರು ಬಾಗಿಲ ಬಳಿ ಬಂದು ಕೆಮ್ಮಿದರು.

“ಬಲ್ಬಕ್ಕ, ಆದದ್ದು ಆಯ್ತು. ಒಳಗೆ ಬಂದು ಸ್ವಲ್ಪ ನೋಡಿ.”

ಆಕೆ ಕಾಗದವನ್ನು ಬಿಡಿಸಿ ತೋರಿಸಿದಳು. “ಒಂದು ವರ್ಷ ಅಂತ ನೀವೇ ಬರೆದಿದೀರಿ ಸಾರ್. ಇನ್ನೂ ಎಂಟು ತಿಂಗಳು ಬಾಕಿ.”

“ಅಯ್ಯೋ, ಅದನ್ನ ಹರಿದು ಹಾಕಿ ಬಲ್ಬಕ್ಕ!”

“ಹಾಗಾದ್ರೆ ಹರಿದು ಹಾಕಿದೀನಿ ಅಂತ ಒಂದು ಕಾಗದ ಕೊಡಿ. ಕಂಡಕ್ಟರಣ್ಣನಿಗೂ ಒಂದು ಬರೀರಿ, ಅವತ್ತು ಅಂದ ಮಾತು ತಪ್ಪು ಅಂತ.”

ಎರಡೂ ಕಾಗದಗಳು ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಲ್ಬಕ್ಕ ಆರನೆಯ ಯಂತ್ರದ ಹಿಂಬಾಗಿಲು ತೆರೆದಳು.